ಕಬ್ಬಿನ ಹಣದ ಬಿಲ್ಲಿನಿಂದ ಕಲಿಯುವ ಸಾಫ್ಟ್‌ವೇರ್ ಟೆಸ್ಟಿಂಗ್: ಒಂದು ಸಮಗ್ರ ಮಾರ್ಗದರ್ಶಿ

ಬೆಳಗಾವಿ, ಬಾಗಲಕೋಟೆ, ವಿಜಯಪುರದ ಎಂಜಿನಿಯರಿಂಗ್ ಕಾಲೇಜುಗಳಿಂದ ಹೊರಬರುವವರ ಕಿವಿಗೆ ಟೆಸ್ಟಿಂಗ್ ಬಗ್ಗೆ ಎರಡು ಮಾತುಗಳು ಬೀಳುತ್ತಲೇ ಇರುತ್ತವೆ. ಕೋಡ್ ಬರೆಯಲು ಬಾರದವರು ಹಿಡಿಯುವ ದಾರಿ ಅದು ಎನ್ನುವುದು ಒಂದು. ಬ್ರೌಸರನ್ನು ತಾನಾಗಿ ಓಡಿಸಿ ಪರೀಕ್ಷಿಸುವ ಸೆಲೆನಿಯಂ ಎಂಬ ಉಪಕರಣದ ಕೆಲವು ತಿಂಗಳ ಕೋರ್ಸ್ ಮುಗಿಸಿದರೆ ಪುಣೆಯಲ್ಲೋ ಬೆಂಗಳೂರಿನಲ್ಲೋ ಕೆಲಸ ಖಚಿತ ಎನ್ನುವುದು ಇನ್ನೊಂದು. ಮೊದಲನೆಯದು ಸುಳ್ಳು. ಎರಡನೆಯದು ಮೂಗಿಗೆ ತುಪ್ಪ ಸವರುವ ಮಾತು. ಕೋರ್ಸಿನಲ್ಲಿ ಉಪಕರಣ ಕಲಿಸುತ್ತಾರೆ; ಅನುಮಾನಿಸುವುದನ್ನು ಕಲಿಸುವುದಿಲ್ಲ. ಟೆಸ್ಟರ್‌ಗೆ ಸಂಬಳ ಬರುವುದು ಆ ಎರಡನೆಯ ಕೆಲಸಕ್ಕೆ.

ಇಲ್ಲಿರುವುದು ಆ ಅನುಮಾನವನ್ನು ಕಸುಬಾಗಿ ರೂಢಿಸಿಕೊಳ್ಳುವ ಕ್ರಮ. ಒಂದು ನೋಟ್‌ಬುಕ್, ಸಾಧಾರಣ ಲ್ಯಾಪ್‌ಟಾಪ್, ಮೊಬೈಲ್ ಇದ್ದರೆ ಸಾಕು. ಪೈಥಾನ್ ಅಥವಾ ಜಾವಾಸ್ಕ್ರಿಪ್ಟ್‌ನಲ್ಲಿ ಹತ್ತು ಸಾಲು ಬರೆಯಲು ಬಂದರೆ ಒಳ್ಳೆಯದು. ಬಾರದಿದ್ದರೂ ಐದನೆಯ ಹಂತದವರೆಗೆ ಅಡ್ಡಿಯಿಲ್ಲ.

ಹಂತ 1: ಸರಿಯುತ್ತರ ಎಲ್ಲಿಂದ ಬರುತ್ತದೆ ಎಂದು ಹುಡುಕಿ

ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ಪ್ರಯೋಗಾಲಯದಲ್ಲಿ ತ್ರಿಭುಜದ ಸಮಸ್ಯೆ, ಮರುದಿನದ ದಿನಾಂಕದ ಸಮಸ್ಯೆ, ಬಂದೂಕಿನ ಬಿಡಿಭಾಗ ಮಾರುವವನ ಕಮಿಷನ್ ಸಮಸ್ಯೆ ಇವನ್ನೆಲ್ಲ ಮಾಡಿದವರು ನಿಮ್ಮಲ್ಲಿ ಅನೇಕರಿರಬಹುದು. ಅಭ್ಯಾಸಕ್ಕೆ ಅವು ಕೆಟ್ಟವಲ್ಲ. ಆದರೆ ಅಲ್ಲಿ ನಿರೀಕ್ಷಿತ ಉತ್ತರ ಪಠ್ಯದಲ್ಲೇ ಇರುತ್ತದೆ, ವಿದ್ಯಾರ್ಥಿ ತಾಳೆ ನೋಡಿ ‘ಪಾಸ್’ ಎಂದು ಬರೆದರೆ ಮುಗಿಯಿತು. ಅಮೆರಿಕದ ಬಂದೂಕು ವ್ಯಾಪಾರಿಯ ಕಮಿಷನ್ ತಪ್ಪಿದರೆ ಗದಗಿನ ಈಚೆ ಯಾರಿಗೂ ನಿದ್ದೆ ಕೆಡುವುದಿಲ್ಲ. ಹಾಗಾಗಿ ನಮ್ಮ ಊರಿನ ಲೆಕ್ಕವನ್ನೇ ತೆಗೆದುಕೊಳ್ಳೋಣ: ಕಬ್ಬಿನ ಬಿಲ್.

ಕೇಂದ್ರ ಸರ್ಕಾರ ಪ್ರತಿ ಸಕ್ಕರೆ ಹಂಗಾಮಿಗೆ ಎಫ್‌ಆರ್‌ಪಿ, ಅಂದರೆ ನ್ಯಾಯಯುತ ಮತ್ತು ಲಾಭದಾಯಕ ದರ, ಪ್ರಕಟಿಸುತ್ತದೆ. 2024-25ರ ಹಂಗಾಮಿಗೆ ಅದು ಹೀಗಿತ್ತು. ಸಕ್ಕರೆ ಇಳುವರಿ, ಅಂದರೆ ನುರಿಸಿದ ಕಬ್ಬಿನ ತೂಕದಲ್ಲಿ ಸಿಗುವ ಸಕ್ಕರೆಯ ಪಾಲು, ಶೇ 10.25 ಇದ್ದರೆ ಕ್ವಿಂಟಲ್‌ಗೆ 340 ರೂಪಾಯಿ. ಇಳುವರಿ ಶೇ 0.1ರಷ್ಟು ಹೆಚ್ಚಿದಂತೆಲ್ಲ 3.32 ರೂಪಾಯಿ ಹೆಚ್ಚು, ಶೇ 0.1ರಷ್ಟು ಇಳಿದಂತೆಲ್ಲ 3.32 ರೂಪಾಯಿ ಕಡಿಮೆ. ಇಳುವರಿ ಶೇ 9.5ಕ್ಕಿಂತ ಕೆಳಗಿಳಿದರೆ ಮುಂದೆ ಕಡಿತವಿಲ್ಲ, ರೈತರಿಗೆ 315.10 ರೂಪಾಯಿ ಸಿಗಬೇಕು.

ಈ ದರ ಲೆಕ್ಕ ಹಾಕುವ ಪುಟ್ಟ ಪ್ರೋಗ್ರಾಂ ನಿಮ್ಮ ಕೈಗೆ ಬಂದಿದೆ ಎಂದುಕೊಳ್ಳಿ. ಟೆಸ್ಟ್ ಕೇಸ್‌ಗಳ (ಏನು ಕೊಟ್ಟರೆ ಯಾವ ಉತ್ತರ ಬರಬೇಕು ಎಂಬುದರ) ಹಾಳೆ ತೆರೆಯುವ ಮುನ್ನ ನೋಟ್‌ಬುಕ್ಕಿನಲ್ಲಿ ಒಂದೇ ಪ್ರಶ್ನೆ ಬರೆಯಿರಿ: ಪ್ರೋಗ್ರಾಂ ಕೊಡುವ ಉತ್ತರ ಸರಿ ಎಂದು ನನಗೆ ಹೇಗೆ ಗೊತ್ತಾಗುತ್ತದೆ? ಅದರ ಕೆಳಗೆ ನಿಮಗೆ ಸಿಗುವ ಆಧಾರಗಳನ್ನು ಬರೆಯುತ್ತ ಹೋಗಿ. ಸರ್ಕಾರದ ಪ್ರಕಟಣೆ ಒಂದು ಆಧಾರ. ಕೈಲೆಕ್ಕ ಇನ್ನೊಂದು. ಕಳೆದ ಹಂಗಾಮಿನ ಪ್ರೋಗ್ರಾಂ ಕೊಡುತ್ತಿದ್ದ ಉತ್ತರ ಮತ್ತೊಂದು. ವರ್ಷಗಟ್ಟಲೆ ಬಿಲ್ ನೋಡಿದ ರೈತನ ಅಂದಾಜು ಕೂಡ ಆಧಾರವೇ. ‘ಇಷ್ಟು ಕಡಿಮೆ ಹೇಗಾಯಿತು?’ ಎಂದು ಆತ ಕೇಳಿದರೆ ಕಿವಿಗೊಡಬೇಕು.

ಈ ಯಾವ ಆಧಾರವೂ ಪೂರ್ತಿ ನಂಬಿಕೆಗೆ ಅರ್ಹವಲ್ಲ ಎಂಬುದನ್ನು ಪಕ್ಕದಲ್ಲೇ ಬರೆದಿಡಿ. ಕೈಲೆಕ್ಕ ತಪ್ಪಬಹುದು. ಹಳೆಯ ಪ್ರೋಗ್ರಾಂನಲ್ಲೇ ದೋಷವಿರಬಹುದು. ಪ್ರಕಟಣೆಯನ್ನು ಎರಡು ರೀತಿಯಲ್ಲಿ ಓದಲು ಸಾಧ್ಯವಿರಬಹುದು. ಬೆಳಗಾವಿಯ ಉದ್ಯಮಬಾಗದ ಫೌಂಡ್ರಿಯಲ್ಲಿ ಎರಕದ ತುಂಡನ್ನು ಪರಿಶೀಲಿಸುವವನ ಮುಂದೆ ಡ್ರಾಯಿಂಗ್ ಇರುತ್ತದೆ, ಯಾವ ಅಳತೆ ಎಷ್ಟು ಹೆಚ್ಚು ಕಡಿಮೆ ಆಗಬಹುದೆಂದು ಅದರಲ್ಲೇ ಇರುತ್ತದೆ. ನಮ್ಮ ಕಸುಬಿನಲ್ಲಿ ಬಹಳ ಸಲ ಡ್ರಾಯಿಂಗೇ ಅರ್ಧ ಬರೆದದ್ದು. ಉಳಿದರ್ಧ ಯಾರ ತಲೆಯಲ್ಲಿದೆ ಎಂದು ಹುಡುಕುವುದೇ ಮೊದಲ ದಿನದ ಕೆಲಸ.

ಹಂತ 2: ಗಡಿಯ ಮೇಲೆ ನಿಂತು ನೋಡಿ

ಈ ಹಂತಕ್ಕೆ ಒಂದು ಇಡೀ ಮಧ್ಯಾಹ್ನ ಕೊಡಿ. ಮೊದಲು ಪ್ರೋಗ್ರಾಂ ಮುಟ್ಟದೆ, ಪೆನ್ನು ಹಿಡಿದು ಈ ಉತ್ತರಗಳನ್ನು ತೆಗೆಯಿರಿ.

ಇಳುವರಿ 10.25 ಇದ್ದರೆ ದರ 340.00
ಇಳುವರಿ 10.35 ಇದ್ದರೆ ದರ 343.32
ಇಳುವರಿ 10.15 ಇದ್ದರೆ ದರ 336.68
ಇಳುವರಿ 9.50 ಇದ್ದರೆ ದರ 315.10
ಇಳುವರಿ 9.49 ಇದ್ದರೆ ದರ 315.10

ಈಗ ನಾಲ್ಕನೆಯ ಸಾಲಿನ ಮೇಲೆ ಕಣ್ಣಿಡಿ. 10.25ರಿಂದ 9.50ಕ್ಕೆ ಇಳಿತ 0.75. ಅದನ್ನು 0.1ರಿಂದ ಭಾಗಿಸಿದರೆ ಏಳೂವರೆ ಮೆಟ್ಟಿಲು. ಅರ್ಧ ಮೆಟ್ಟಿಲಿಗೂ ಕಡಿತ ಹಾಕಿದರೆ ಏಳೂವರೆ ಸಲ 3.32, ಅಂದರೆ 24.90 ರೂಪಾಯಿ. 340ರಿಂದ ಕಳೆದರೆ ಪ್ರಕಟಣೆಯಲ್ಲಿರುವ 315.10 ಕರಾರುವಾಕ್ಕಾಗಿ ಬರುತ್ತದೆ. ಅರ್ಧ ಮೆಟ್ಟಿಲು ಬಿಟ್ಟು ಪೂರ್ಣ ಮೆಟ್ಟಿಲನ್ನಷ್ಟೇ ಎಣಿಸಿದರೆ 316.76 ಬರುತ್ತದೆ. ಅಂದರೆ ‘ಶೇ 0.1ರಷ್ಟು ಇಳಿದಂತೆಲ್ಲ’ ಎನ್ನುವುದನ್ನು ಪ್ರಮಾಣಕ್ಕೆ ತಕ್ಕಂತೆ ಎಂದು ಓದಬೇಕೋ, ಪೂರ್ಣ ಮೆಟ್ಟಿಲಿಗೆ ಮಾತ್ರ ಎಂದು ಓದಬೇಕೋ ಎಂಬ ಗೊಂದಲಕ್ಕೆ ಪ್ರಕಟಣೆಯ ಕೊನೆಯ ಅಂಕಿಯೇ ಸುಳಿವು ಕೊಡುತ್ತದೆ. ಯಾರನ್ನೂ ಕೇಳದೆ, ಒಂದು ಸಾಲೂ ಕೋಡ್ ನೋಡದೆ ನಾವು ಇದನ್ನು ಕಂಡುಕೊಂಡೆವು.

ಪೂರ್ಣ ಮೆಟ್ಟಿಲನ್ನಷ್ಟೇ ಎಣಿಸುವ ಪ್ರೋಗ್ರಾಂ ಏನು ಮಾಡುತ್ತದೆ ನೋಡಿ. 9.50ಕ್ಕೆ 316.76 ಕೊಟ್ಟು, 9.49ಕ್ಕೆ ಒಮ್ಮೆಲೇ 315.10ಕ್ಕೆ ಜಿಗಿಯುತ್ತದೆ. ಇಳುವರಿಯಲ್ಲಿ ಶೇ 0.01 ವ್ಯತ್ಯಾಸ, ನೂರು ಟನ್ ಕಬ್ಬಿನ ಬಿಲ್ಲಿನಲ್ಲಿ 1,660 ರೂಪಾಯಿ ವ್ಯತ್ಯಾಸ. ಗಡಿಯ ಎರಡೂ ಬದಿ ನೋಡದೆ ನಡುವಿನ ಒಂದು ಅಂಕಿ ಹಾಕಿದ್ದರೆ ಈ ಜಿಗಿತ ಕಣ್ಣಿಗೇ ಬೀಳುತ್ತಿರಲಿಲ್ಲ.

ಇನ್ನೊಂದು ಸೂಕ್ಷ್ಮವಿದೆ. ಡೆವಲಪರ್ ಮೆಟ್ಟಿಲುಗಳನ್ನು ಎಣಿಸಲು ಇಳುವರಿಯಿಂದ 10.25 ಕಳೆದು, 0.1ರಿಂದ ಭಾಗಿಸಿ, ದಶಾಂಶ ಕತ್ತರಿಸಿದ್ದಾರೆ ಎಂದುಕೊಳ್ಳಿ. ನೋಡಲು ನಿರಪಾಯದ ಸಾಲು. ಪೈಥಾನ್ ಅಥವಾ ಜಾವಾಸ್ಕ್ರಿಪ್ಟ್‌ನಲ್ಲಿ ನೀವೇ ಓಡಿಸಿ. 10.35 ಕೊಟ್ಟರೆ ಒಂದು ಮೆಟ್ಟಿಲು ಬರಬೇಕಾದಲ್ಲಿ ಸೊನ್ನೆ ಬರುತ್ತದೆ. 10.45 ಕೊಟ್ಟರೆ ಎರಡರ ಬದಲು ಒಂದು. 10.55, 10.65 ಕೊಟ್ಟರೆ ಮೂರು, ನಾಲ್ಕು ಎಂದು ಸರಿಯಾಗಿಯೇ ಬರುತ್ತದೆ! ಕಂಪ್ಯೂಟರ್ ದಶಾಂಶಗಳನ್ನು ದ್ವಿಮಾನದಲ್ಲಿ ಇಡುವಾಗ 10.35 ಕೂದಲೆಳೆಯಷ್ಟು ಕಡಿಮೆಯಾಗಿ ಕೂಡುತ್ತದೆ. ಹಾಗಾಗಿ ಭಾಗಲಬ್ಧ 0.99999… ಆಗಿ, ಕತ್ತರಿಸಿದಾಗ ಸೊನ್ನೆಯಾಗುತ್ತದೆ. 10.55 ಕೂದಲೆಳೆಯಷ್ಟು ಹೆಚ್ಚಾಗಿ ಕೂತು ಬಚಾವಾಗುತ್ತದೆ. 10.25 ಮತ್ತು 10.55 ಎರಡನ್ನೇ ಪರೀಕ್ಷಿಸಿ ‘ಪಾಸ್’ ಬರೆದವರ ಹಾಳೆ ಪೂರ್ತಿ ಹಸಿರಾಗಿರುತ್ತದೆ. ದುಡ್ಡಿನ ಲೆಕ್ಕಕ್ಕೆ ದಶಾಂಶಗಳನ್ನು ಇದ್ದಂತೆಯೇ ಇಡುವ ದಶಮಾನ (ಡೆಸಿಮಲ್) ಡೇಟಾ ಬಗೆಯನ್ನೇ ಬಳಸಬೇಕು, ಇಲ್ಲವೇ ಪೈಸೆಯನ್ನು ಪೂರ್ಣಾಂಕವಾಗಿ ಇಡಬೇಕು ಎಂದು ಹಿರಿಯರು ಹೇಳುವುದು ಇದಕ್ಕೇ.

ಗಡಿ ಎಂದರೆ ಅಂಕಿ ಮಾತ್ರ ಎಂದು ತಿಳಿಯಬೇಡಿ. 1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ ಕಬ್ಬು ಪೂರೈಸಿದ 14 ದಿನಗಳೊಳಗೆ ಹಣ ಕೊಡಬೇಕು, ತಡವಾದರೆ ವರ್ಷಕ್ಕೆ ಶೇ 15ರ ಬಡ್ಡಿ ಸೇರಬೇಕು. ಹಂಗಾಮಿನಲ್ಲಿ ಕಾರ್ಖಾನೆ ರಾತ್ರಿಯಿಡೀ ನುರಿಸುತ್ತದೆ. ಗೇಟಿನಲ್ಲಿ ಟ್ರ್ಯಾಕ್ಟರ್‌ಗಳ ಸಾಲು ನಿಂತಿರುತ್ತದೆ. ಒಬ್ಬ ರೈತನ ಟ್ರ್ಯಾಕ್ಟರ್ ರಾತ್ರಿ 11:50ಕ್ಕೆ ಗೇಟಿನೊಳಗೆ ಬಂದು, ತೂಕದ ಕಾಟಾ ಹತ್ತಿದ್ದು 12:20ಕ್ಕೆ. ಪೂರೈಸಿದ ದಿನ ಯಾವುದು? ಖಾಲಿ ಟ್ರೇಲರ್ ತೂಗಿದ್ದು ಬೆಳಗಿನ ಜಾವ ಆಗಿದ್ದರೆ? ಡಿಸೆಂಬರ್ 31ರ ರಾತ್ರಿ ಇದೇ ಆದರೆ? ಬಡ್ಡಿಗೆ ವರ್ಷವೆಂದರೆ 365 ದಿನವೋ, ಅಧಿಕ ವರ್ಷದಲ್ಲಿ 366 ದಿನವೋ? ಇವುಗಳ ಉತ್ತರ ನೀವು ಊಹಿಸುವಂಥದ್ದಲ್ಲ. ಪ್ರಶ್ನೆಗಳನ್ನು ಬರೆದು, ಉತ್ತರಿಸಬೇಕಾದವರ ಹೆಸರನ್ನು ಎದುರಿಗೆ ಬರೆದು, ಹೋಗಿ ಕೇಳಿ. ‘ಇದೆಲ್ಲ ಯಾಕೆ, ಸ್ಕ್ರೀನ್ ಸರಿಯಾಗಿ ಬರುತ್ತದೆಯೇ ಅಷ್ಟು ನೋಡಿ’ ಎನ್ನುವ ಮ್ಯಾನೇಜರ್ ಸಿಗುತ್ತಾರೆ. ಅವರಿಗೆ ಬಡ್ಡಿಯ ಮೊತ್ತವನ್ನು ರೂಪಾಯಿಯಲ್ಲಿ ಬರೆದು ತೋರಿಸಿ. ಬೇರೆ ಭಾಷೆ ಬೇಕಾಗುವುದಿಲ್ಲ.

ಹಂತ 3: ನಿಮ್ಮ ಜಿಲ್ಲೆಯನ್ನೇ ಟೆಸ್ಟ್ ಡೇಟಾ ಮಾಡಿಕೊಳ್ಳಿ

ದೂರದೂರಿನ ಟೆಸ್ಟರ್‌ಗೆ ಹೊಳೆಯದ, ನಮಗೆ ಹುಟ್ಟಿನಿಂದ ಗೊತ್ತಿರುವ ಸಂಗತಿಗಳು ಇಲ್ಲಿ ಬಂಡವಾಳ. ಒಂದು ಕಡತ ತೆರೆದು ಸಂಗ್ರಹಿಸುತ್ತ ಹೋಗಿ.

ಹೆಸರುಗಳಿಂದ ಶುರುಮಾಡಿ. ನಮ್ಮಲ್ಲಿ ಮೆಣಸಿನಕಾಯಿ, ಉಳ್ಳಾಗಡ್ಡಿ, ಬೆಲ್ಲದ ಎಲ್ಲವೂ ಅಡ್ಡಹೆಸರುಗಳೇ. ನಾವು ‘ಪಾಟೀಲ’ ಎಂದು ಬರೆಯುವುದನ್ನು ಬೆಂಗಳೂರಿನವರು ‘ಪಾಟೀಲ್’ ಎಂದು ಬರೆಯುತ್ತಾರೆ. ಒಂದನ್ನು ಹುಡುಕಿದರೆ ಇನ್ನೊಂದು ಸಿಗುತ್ತದೆಯೇ ನೋಡಿ. ಆಧಾರ್‌ನಲ್ಲಿ ಒಂದು ಕ್ರಮ, ಪಹಣಿಯಲ್ಲಿ ಇನ್ನೊಂದು ಕ್ರಮದಲ್ಲಿ ಹೆಸರಿರುವ ರೈತರು ಎಷ್ಟು ಅಲೆದಾಡುತ್ತಾರೆಂದು ನಿಮ್ಮ ಮನೆಯಲ್ಲೇ ಕೇಳಿ. ಬೆಳಗಾವಿಯಲ್ಲಿ ಅದೇ ಹೆಸರನ್ನು ಮರಾಠಿಯಲ್ಲಿ ದೇವನಾಗರಿಯಲ್ಲೂ ತುಂಬುವವರಿದ್ದಾರೆ.

ಊರುಗಳು ಇನ್ನೂ ಸೊಗಸು. 2014ರ ನವೆಂಬರ್ 1ರಂದು ಬೆಳಗಾಂ ಬೆಳಗಾವಿಯಾಯಿತು, ಬಿಜಾಪುರ ವಿಜಯಪುರವಾಯಿತು. ಆದರೆ ರೈಲ್ವೆಯ ನಿಲ್ದಾಣ ಸಂಕೇತಗಳು ಬಿಜಿಎಂ, ಬಿಜೆಪಿ ಎಂದೇ ಉಳಿದಿವೆ. ಎರಡನೆಯದು ನಿಲ್ದಾಣ ಎಂದು ತಿಳಿಯದೆ ನಕ್ಕವರು ಬಹಳ. ದೇವನಹಳ್ಳಿ ತಾಲ್ಲೂಕಿನಲ್ಲಿ ಇನ್ನೊಂದು ವಿಜಯಪುರ ಪಟ್ಟಣವಿದೆ. ಪಾರ್ಸೆಲ್ ಆ್ಯಪ್‌ನಲ್ಲಿ ‘ವಿಜಯಪುರ’ ಎಂದು ಹುಡುಕಿ, ಜಿಲ್ಲೆ ಕೇಳದೆ ಮುಂದೆ ಹೋಗುತ್ತದೆಯೇ ನೋಡಿ.

ಲಿಪಿಯಲ್ಲಿ ಅಡಗಿರುವ ತೊಂದರೆಗಳು ಬರಿಗಣ್ಣಿಗೆ ಕಾಣುವುದಿಲ್ಲ. ‘ಬೆಳಗಾವಿ’ ಎಂಬುದು ಓದುವವರಿಗೆ ನಾಲ್ಕು ಅಕ್ಷರ, ಎಲ್ಲ ಲಿಪಿಗಳಿಗೂ ಸಂಕೇತ ಕೊಡುವ ಯುನಿಕೋಡ್ ಲೆಕ್ಕದಲ್ಲಿ ಏಳು ಸಂಕೇತ, ಆ ಸಂಕೇತಗಳನ್ನು ಬೈಟ್‌ಗಳಾಗಿ ಇಡುವ ಯುಟಿಎಫ್-8 ವಿಧಾನದಲ್ಲಿ ಉಳಿಸಿದರೆ 21 ಬೈಟ್. ‘ಹೆಸರು 20 ಅಕ್ಷರ ಮೀರಬಾರದು’ ಎಂಬ ನಿಯಮದಲ್ಲಿ ಈ ಮೂರರಲ್ಲಿ ಯಾವುದನ್ನು ಎಣಿಸುತ್ತಾರೆ? ‘ಗೋಕಾಕ’ದ ಮೊದಲ ಅಕ್ಷರವನ್ನೂ ‘ಬಾಗಲಕೋಟೆ’ಯ ‘ಕೋ’ವನ್ನೂ ಯುನಿಕೋಡ್‌ನಲ್ಲಿ ಒಂದೇ ಸ್ವರಚಿಹ್ನೆಯಾಗಿ ಇಡಬಹುದು, ಬಿಡಿ ಚಿಹ್ನೆಗಳನ್ನು ಜೋಡಿಸಿಯೂ ಇಡಬಹುದು. ಪರದೆಯ ಮೇಲೆ ಎರಡೂ ತದ್ರೂಪು. ಹೋಲಿಸುವ ಮುನ್ನ ಎರಡನ್ನೂ ಒಂದೇ ರೂಪಕ್ಕೆ ತರದ ಪ್ರೋಗ್ರಾಂ ಅವನ್ನು ಬೇರೆ ಬೇರೆ ಊರು ಎಂದುಕೊಳ್ಳುತ್ತದೆ. ಇನ್ನು ಕನ್ನಡ ಅಂಕಿಗಳು. ‘೧೦೨೫’ ಎಂದು ಕೊಟ್ಟರೆ ಪೈಥಾನ್ ಅದನ್ನು ಸಂಖ್ಯೆಯಾಗಿ ಒಪ್ಪುತ್ತದೆ, ಜಾವಾಸ್ಕ್ರಿಪ್ಟ್ ಒಪ್ಪುವುದಿಲ್ಲ. ಬಳಸುವವರಿಗೆ ಕಾಣುವ ಮುಂಭಾಗವನ್ನು ಒಂದರಲ್ಲಿ, ಸರ್ವರ್‌ನಲ್ಲಿ ಓಡುವ ಹಿಂಭಾಗವನ್ನು ಇನ್ನೊಂದರಲ್ಲಿ ಬರೆದ ಆ್ಯಪ್‌ನಲ್ಲಿ ಏನಾಗಬಹುದೆಂದು ನೀವೇ ಊಹಿಸಿ, ಆಮೇಲೆ ಊಹೆ ಬಿಟ್ಟು ಮಾಡಿ ನೋಡಿ.

ಎಸ್‌ಎಂಎಸ್ ಕಳುಹಿಸುವ ವ್ಯವಸ್ಥೆಯಾದರೆ ಇದನ್ನು ಮರೆಯಬೇಡಿ: ಇಂಗ್ಲಿಷ್ ಸಂದೇಶಕ್ಕೆ 160 ಅಕ್ಷರಗಳ ಜಾಗ, ಕನ್ನಡಕ್ಕೆ 70 ಸಂಕೇತಗಳ ಜಾಗ. ಮೀರಿದರೆ ತಲಾ 67ರ ತುಂಡುಗಳಾಗುತ್ತವೆ, ಪ್ರತಿ ತುಂಡಿಗೂ ಖರ್ಚು. ಇಂಗ್ಲಿಷಿನಲ್ಲಿ ಪರೀಕ್ಷಿಸಿ ಪಾಸಾದ, ರೈತರಿಗೆ ಕಬ್ಬಿನ ತೂಕ ತಿಳಿಸುವ ಸಂದೇಶದಲ್ಲಿ, ಕನ್ನಡಕ್ಕೆ ಬಂದಾಗ ನಿವ್ವಳ ತೂಕದ ಅಂಕಿಯೇ ಎರಡನೆಯ ತುಂಡಿಗೆ ಹೋಗಬಹುದು.

ಹಂತ 4: ಗೊತ್ತುಗುರಿ ಇಟ್ಟುಕೊಂಡು ಅಲೆಯಿರಿ

ಮೊದಲೇ ಬರೆದಿಟ್ಟ ಟೆಸ್ಟ್ ಕೇಸ್‌ಗಳನ್ನು ಒಂದಾದ ಮೇಲೊಂದು ಓಡಿಸುವುದು ಸುಲಭ, ಬೇಸರದ ಕೆಲಸವೂ ಹೌದು. ಪ್ರೋಗ್ರಾಂ ಬಳಸುತ್ತಲೇ ಕಲಿಯುತ್ತ, ಕಲಿತದ್ದರಿಂದ ಮುಂದಿನ ಪರೀಕ್ಷೆ ರೂಪಿಸುವ ವಿಧಾನಕ್ಕೆ ಅನ್ವೇಷಣಾ ಪರೀಕ್ಷೆ ಎನ್ನುತ್ತಾರೆ. 1980ರ ದಶಕದಲ್ಲಿ ಟೆಸ್ಟಿಂಗ್ ತಜ್ಞ ಸೆಮ್ ಕೇನರ್ ಅದಕ್ಕೆ ಹೆಸರು ಕೊಟ್ಟರು. 2000ದ ಹೊತ್ತಿಗೆ ಜೇಮ್ಸ್ ಬಾಕ್, ಜೊನಾಥನ್ ಬಾಕ್ ಸಹೋದರರು ಅದಕ್ಕೆ ಲೆಕ್ಕವಿಡುವ ಶಿಸ್ತು ತಂದರು.

ಕ್ರಮ ಸರಳ. ಒಂದು ಸಾಲಿನ ಗುರಿ ಬರೆಯಿರಿ, ಉದಾಹರಣೆಗೆ ‘ತೂಕದ ಚೀಟಿ ಮುದ್ರಣ ನಡುವೆ ನಿಂತರೆ ಬಿಲ್ಲಿನ ಗತಿ ಏನಾಗುತ್ತದೆ’. ಗಂಟೆಯಿಂದ ಒಂದೂವರೆ ಗಂಟೆಯ ಅವಧಿ ಇಟ್ಟುಕೊಳ್ಳಿ, ಮೊಬೈಲ್ ಪಕ್ಕಕ್ಕಿಡಿ. ಮಾಡಿದ್ದು, ಕಂಡದ್ದು, ಹುಟ್ಟಿದ ಪ್ರಶ್ನೆ, ಮೂರನ್ನೂ ಆಗಿಂದಾಗಲೇ ಬರೆಯಿರಿ. ಮುದ್ರಣದ ನಡುವೆ ವಿದ್ಯುತ್ ಹೋದರೆ, ಗುಮಾಸ್ತ ಎರಡು ಸಲ ಗುಂಡಿ ಒತ್ತಿದರೆ, ಇಂಟರ್ನೆಟ್ ನಿಂತು ಮತ್ತೆ ಬಂದರೆ, ಒಂದೇ ಟ್ರ್ಯಾಕ್ಟರ್‌ಗೆ ಎರಡು ಚೀಟಿ ಹುಟ್ಟುತ್ತವೆಯೇ? ಅವಧಿ ಮುಗಿದ ಮೇಲೆ ‘ನೋಡಲಾಗದೆ ಉಳಿದದ್ದು’ ಎಂಬ ತಲೆಬರಹದ ಕೆಳಗೆ ಬಿಟ್ಟದ್ದನ್ನೆಲ್ಲ ಬರೆಯಿರಿ. ನನ್ನ ಮಟ್ಟಿಗೆ ಆ ಪಟ್ಟಿಯೇ ಟೆಸ್ಟರ್‌ನ ಪ್ರಾಮಾಣಿಕತೆಯ ಅಳತೆಗೋಲು. ಎಲ್ಲ ಪರೀಕ್ಷಿಸಿದ್ದೇನೆ ಎಂದು ಬರೆದ ವರದಿ ಬಂದರೆ ನಾನು ಎರಡನೆಯ ಸಲ ಓದುತ್ತೇನೆ.

ಹಂತ 5: ದೋಷವನ್ನು ಬರೆಯುವುದು

‘ರೇಟ್ ತಪ್ಪು ಬರುತ್ತಿದೆ, ದಯವಿಟ್ಟು ಸರಿಪಡಿಸಿ’ ಎಂಬ ವರದಿಯಿಂದ ಯಾರಿಗೂ ಉಪಯೋಗವಿಲ್ಲ. ಎರಡನೆಯ ಹಂತದಲ್ಲಿ ಕಂಡದ್ದನ್ನೇ ಹೀಗೆ ಬರೆಯಬಹುದು.

ಶೀರ್ಷಿಕೆ: ಇಳುವರಿ 10.35 ಮತ್ತು 10.45ಕ್ಕೆ ದರ ಒಂದು ಮೆಟ್ಟಿಲು ಕಡಿಮೆ ಬರುತ್ತದೆ
ಮಾಡಿದ್ದು: ಹಂಗಾಮು 2024-25 ಆಯ್ದು, ಇಳುವರಿ 10.35 ಕೊಟ್ಟು ‘ಲೆಕ್ಕ ಹಾಕು’ ಒತ್ತಿದೆ
ಕಂಡದ್ದು: 340.00
ನಿರೀಕ್ಷಿಸಿದ್ದು: 343.32. ಆಧಾರ: ಪ್ರಕಟಿತ ದರದಲ್ಲಿ ಪ್ರತಿ ಶೇ 0.1 ಹೆಚ್ಚಳಕ್ಕೆ 3.32
ಸುತ್ತಮುತ್ತ ನೋಡಿದ್ದು: 10.45ಕ್ಕೂ ಇದೇ ದೋಷ. 10.25, 10.55, 10.65 ಸರಿ ಇವೆ. 10.25ಕ್ಕಿಂತ ಕೆಳಗಿನ ಇಳುವರಿ ಇನ್ನೂ ನೋಡಿಲ್ಲ
ಪರಿಣಾಮ: ಈ ಇಳುವರಿಯಲ್ಲಿ ನೂರು ಟನ್‌ಗೆ ರೈತರಿಗೆ 3,320 ರೂಪಾಯಿ ಕಡಿಮೆ

ಇದರಲ್ಲಿ ಡೆವಲಪರ್ ಮೇಲೆ ಆರೋಪವಿಲ್ಲ, ವಿಶೇಷಣಗಳಿಲ್ಲ. ‘ಯಾವಾಗಲೂ’, ‘ಎಲ್ಲ ಕಡೆ’ ಎಂಬ ಪದಗಳಿಲ್ಲ, ಏಕೆಂದರೆ ಎಲ್ಲ ಕಡೆ ನೋಡಿಲ್ಲ. ದಶಾಂಶ ಕತ್ತರಿಸಿದ್ದೇ ಕಾರಣ ಎಂದು ಖಚಿತವಾಗಿ ಬರೆಯಲೂ ಇಲ್ಲ. ಕೋಡ್ ಓದಿ ಖಾತ್ರಿಯಾಗಿದ್ದರೆ ಬರೆಯಿರಿ, ಅನುಮಾನ ಮಾತ್ರವಾದರೆ ‘ಅನುಮಾನ’ ಎಂದೇ ಬರೆಯಿರಿ. ಕಂಡದ್ದನ್ನೂ ಊಹಿಸಿದ್ದನ್ನೂ ಒಂದೇ ಸಾಲಿನಲ್ಲಿ ಕಲಸುವುದು ಹೊಸಬರ ವರದಿಗಳಲ್ಲಿ ನಾನು ಅತಿ ಹೆಚ್ಚು ಕಾಣುವ ದೋಷ.

ಹಂತ 6: ಆಟೊಮೇಷನ್‌ಗೆ ಈಗ ಬನ್ನಿ

2004ರಲ್ಲಿ ಹುಟ್ಟಿದ ಸೆಲೆನಿಯಂ, 2020ರಲ್ಲಿ ಮೈಕ್ರೋಸಾಫ್ಟ್ ಹೊರತಂದ ಪ್ಲೇರೈಟ್, ಎರಡರಲ್ಲಿ ಒಂದನ್ನು ಕಲಿಯಿರಿ. ಯಾವುದು ಎಂಬ ಚರ್ಚೆಯಲ್ಲಿ ವಾರಗಟ್ಟಲೆ ಕಳೆಯಬೇಡಿ. ಆದರೆ ಯಂತ್ರ ಮಾಡುವುದೇನೆಂದು ಸ್ಪಷ್ಟವಿರಲಿ. ನೀವು ಹೇಳಿದ ಉತ್ತರಕ್ಕೂ ಬಂದ ಉತ್ತರಕ್ಕೂ ತಾಳೆ ನೋಡುವುದಷ್ಟೇ ಅದರ ಕೆಲಸ. ಪುಟದ ಅರ್ಧ ಭಾಗ ಖಾಲಿ ಬಂದರೂ, ಅದನ್ನು ನೋಡೆಂದು ಹೇಳದಿದ್ದರೆ, ಹಸಿರು ದೀಪ ಹಚ್ಚಿ ಕೂರುತ್ತದೆ.

ಬರೆದ ಪ್ರತಿ ಸ್ಕ್ರಿಪ್ಟ್‌ಗೂ ಒಂದು ಪರೀಕ್ಷೆ ಒಡ್ಡಿ. ಪ್ರೋಗ್ರಾಂನಲ್ಲಿ ಬೇಕೆಂದೇ ಒಂದು ತಪ್ಪು ಮಾಡಿ: 3.32 ಇದ್ದಲ್ಲಿ 3.23 ಎಂದು ಬರೆಯಿರಿ, ‘9.5ಕ್ಕಿಂತ ಕಡಿಮೆ’ ಇದ್ದಲ್ಲಿ ‘9.5ಕ್ಕಿಂತ ಹೆಚ್ಚು’ ಮಾಡಿ. ಸ್ಕ್ರಿಪ್ಟ್ ಕೆಂಪಾಗಬೇಕು. ಆಗದಿದ್ದರೆ ಅದು ಏನನ್ನೂ ಕಾಯುತ್ತಿಲ್ಲ. ಕೋಡ್‌ನ ಶೇ 90 ಸಾಲುಗಳು ಪರೀಕ್ಷೆಯಲ್ಲಿ ಓಡಿವೆ ಎಂಬ ಹೆಮ್ಮೆಯ ವರದಿಗೂ ಇದೇ ಪ್ರಶ್ನೆ ಕೇಳಿ. ಸಾಲು ಓಡಿತು ಎಂದಮಾತ್ರಕ್ಕೆ ಅದರ ಫಲವನ್ನು ಯಾರೋ ನೋಡಿದರು ಎಂದಾಗುವುದಿಲ್ಲ.

ಕೃತಕ ಬುದ್ಧಿಮತ್ತೆಯಿಂದ ಟೆಸ್ಟ್ ಬರೆಸುವವರು ಈ ಅಭ್ಯಾಸವನ್ನು ಬಿಡಲೇಬಾರದು. ಕೋಡ್ ತೋರಿಸಿ ‘ಇದಕ್ಕೆ ಟೆಸ್ಟ್ ಬರೆ’ ಎಂದರೆ, ಕೋಡ್ ಈಗ ಕೊಡುತ್ತಿರುವ ತಪ್ಪು ಉತ್ತರವನ್ನೇ ನಿರೀಕ್ಷಿತ ಉತ್ತರವೆಂದು ಬರೆದುಕೊಡುವ ಸಾಧ್ಯತೆ ಇದೆ. 316.76 ಹಾಗೆಯೇ ಶಾಶ್ವತವಾಗುತ್ತದೆ. ಕೋಡ್ ಬದಲು ದರದ ಪ್ರಕಟಣೆ ಕೊಟ್ಟು ಕೇಳಿ, ಬಂದದ್ದನ್ನು ನೋಟ್‌ಬುಕ್ಕಿನ ಕೈಲೆಕ್ಕದೊಂದಿಗೆ ತಾಳೆ ನೋಡಿ.

ಹಂತ 7: ದೊಡ್ಡ ಎಡವಟ್ಟುಗಳ ವರದಿ ಓದಿ

ಡೈಕ್‌ಸ್ಟ್ರಾ ಎಂಬ ಡಚ್ ಗಣಕವಿಜ್ಞಾನಿ ಹೇಳಿದ ಮಾತು ಪ್ರಸಿದ್ಧ: ಪರೀಕ್ಷೆಯಿಂದ ದೋಷ ಇದೆಯೆಂದು ತೋರಿಸಬಹುದು, ಇಲ್ಲವೆಂದು ತೋರಿಸಲಾಗದು. ಅದರ ಅರ್ಥ ಮೈಗೂಡಬೇಕಾದರೆ ತನಿಖಾ ವರದಿಗಳನ್ನು ಓದಬೇಕು. 1996ರ ಜೂನ್ 4ರಂದು ಯುರೋಪಿನ ಏರಿಯೇನ್-5 ರಾಕೆಟ್ ಹಾರಿದ ನಲವತ್ತು ಸೆಕೆಂಡಿನೊಳಗೆ ದಾರಿತಪ್ಪಿ ಛಿದ್ರವಾಯಿತು. 64 ಬಿಟ್‌ನ ಒಂದು ಸಂಖ್ಯೆಯನ್ನು 16 ಬಿಟ್‌ಗೆ ಇಳಿಸುವಾಗ ಅದು ಹಿಡಿಸಲಿಲ್ಲ. ಆ ಕೋಡ್ ಏರಿಯೇನ್-4ರಿಂದ ಬಂದದ್ದು, ಅಲ್ಲಿ ಚೆನ್ನಾಗಿಯೇ ಓಡಿತ್ತು. ಹೊಸ ರಾಕೆಟ್ಟಿನ ಹಾರಾಟದ ಪಥ ಬೇರೆಯಿತ್ತು. ಕಳೆದ ಹಂಗಾಮಿನ ಬಿಲ್ ಪ್ರೋಗ್ರಾಂ ಈ ಹಂಗಾಮಿಗೂ ನಡೆಯುತ್ತದೆ ಎನ್ನುವವರಿಗೆ ಇದನ್ನು ಹೇಳಿ.

ಬ್ರಿಟನ್ನಿನ ಅಂಚೆ ಕಚೇರಿ ಸಂಸ್ಥೆಯ ಹೊರೈಜನ್ ಎಂಬ ಲೆಕ್ಕಪತ್ರ ಸಾಫ್ಟ್‌ವೇರ್‌ನ ಪ್ರಕರಣ ನನ್ನನ್ನು ಹೆಚ್ಚು ಕಾಡುತ್ತದೆ. 1999ರಿಂದ 2015ರ ನಡುವೆ, ಆ ಸಾಫ್ಟ್‌ವೇರ್ ತೋರಿಸಿದ ಕೊರತೆಯ ಆಧಾರದಲ್ಲಿ 900ಕ್ಕೂ ಹೆಚ್ಚು ಉಪ ಅಂಚೆಪಾಲಕರಿಗೆ ಶಿಕ್ಷೆಯಾಯಿತು. ಹಣ ಕದ್ದಿಲ್ಲ ಎಂಬ ಅವರ ಮಾತಿಗಿಂತ ಕಂಪ್ಯೂಟರ್ ಮಾತು ದೊಡ್ಡದಾಯಿತು. 2024ರಲ್ಲಿ ಸಂಸತ್ತು ಕಾಯ್ದೆ ಮಾಡಿ ಶಿಕ್ಷೆಗಳನ್ನು ರದ್ದುಪಡಿಸಬೇಕಾಯಿತು. ವರದಿ ಓದುವಾಗ ಕೋಡಿನ ದೋಷದ ಜೊತೆಗೆ ಇನ್ನೊಂದನ್ನು ಹುಡುಕಿ: ದೋಷವಿದೆಯೆಂದು ಯಾರಿಗೆ ಗೊತ್ತಿತ್ತು, ಅದು ಎಲ್ಲಿ ನಿಂತುಹೋಯಿತು?

ಹಂತ 8: ಅನುಮತಿ ಇರುವಲ್ಲಿ ಅಭ್ಯಾಸ ಮಾಡಿ

ಉತ್ಸಾಹದಲ್ಲಿ ಸರ್ಕಾರಿ ಜಾಲತಾಣದ ಮೇಲೋ ಬ್ಯಾಂಕಿನ ಮೇಲೋ ಸಾವಿರಾರು ಕೋರಿಕೆಗಳನ್ನು ಒಮ್ಮೆಲೇ ಹರಿಸಬೇಡಿ, ಬೇರೆಯವರ ಖಾತೆ ತೆರೆಯುತ್ತದೆಯೇ ಎಂದು ನೋಡಬೇಡಿ. 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 43 ಮತ್ತು 66ನೆಯ ಕಲಂಗಳಡಿ ಅನುಮತಿಯಿಲ್ಲದ ಪ್ರವೇಶಕ್ಕೆ ಮೂರು ವರ್ಷದವರೆಗೆ ಜೈಲು, ಐದು ಲಕ್ಷದವರೆಗೆ ದಂಡ ಆಗಬಹುದು. ‘ಕಲಿಯಲು ಮಾಡಿದೆ’ ಎಂಬ ಸಮಜಾಯಿಷಿ ಠಾಣೆಯಲ್ಲಿ ಕೆಲಸಕ್ಕೆ ಬಾರದು.

ಮುಕ್ತ ತಂತ್ರಾಂಶಗಳಲ್ಲಿ ಬಾಗಿಲು ತೆರೆದಿದೆ. ಫೈರ್‌ಫಾಕ್ಸ್, ಲಿಬ್ರೆಆಫೀಸ್, ವಿಕಿಪೀಡಿಯ ಮೂರಕ್ಕೂ ಕನ್ನಡ ರೂಪವಿದೆ, ದೋಷ ದಾಖಲಿಸುವ ಸಾರ್ವಜನಿಕ ವ್ಯವಸ್ಥೆಯೂ ಇದೆ. ಮೊದಲು ಹಳೆಯ ವರದಿಗಳನ್ನು ಓದಿ, ನಿಮಗೆ ಕಂಡದ್ದು ಆಗಲೇ ದಾಖಲಾಗಿದೆಯೇ ನೋಡಿ, ಆಮೇಲೆ ಬರೆಯಿರಿ. ಅಲ್ಲಿ ನಿಮ್ಮ ಹೆಸರಿನಲ್ಲಿ ಉಳಿಯುವ ಪ್ರತಿ ವರದಿಯೂ ಸಂದರ್ಶನಕ್ಕೆ ಕೊಂಡೊಯ್ಯಬಹುದಾದ ಸಾಕ್ಷಿ.

ಹಂತ 9: ವೃತ್ತಿಯನ್ನೂ ಇದೇ ಒರೆಗೆ ಹಚ್ಚಿ

ಟೆಸ್ಟರ್‌ಗಳಿಗೆ ಪ್ರಮಾಣಪತ್ರ ಕೊಡುವ ಅಂತರರಾಷ್ಟ್ರೀಯ ಮಂಡಳಿ ಐಎಸ್‌ಟಿಕ್ಯೂಬಿಯ ಬುನಾದಿ ಪರೀಕ್ಷೆಯಲ್ಲಿ 40 ಪ್ರಶ್ನೆ, 60 ನಿಮಿಷ, 26 ಅಂಕ ಬಂದರೆ ತೇರ್ಗಡೆ. ಆಯ್ಕೆಯ ಪ್ರಶ್ನೆಗಳಿಗೆ ಗುರುತು ಹಾಕಿ ತೇರ್ಗಡೆಯಾದವರಿಗೆ ಪರಿಭಾಷೆ ಗೊತ್ತಿದೆ ಎಂದಷ್ಟೇ ಅದರಿಂದ ತಿಳಿಯುತ್ತದೆ. ಕೆಲವು ಕಂಪನಿಗಳು ಅರ್ಜಿ ಸೋಸುವಾಗ ಅದನ್ನು ಕೇಳುತ್ತವೆ. ನೀವು ಅರ್ಜಿ ಹಾಕುವ ಕಡೆ ಕೇಳುತ್ತಿದ್ದರೆ ಬರೆಯಿರಿ, ಸಾಲ ಮಾಡಿ ಬರೆಯುವಂಥದ್ದಲ್ಲ.

ತರಬೇತಿ ಕೇಂದ್ರಕ್ಕೆ ಹಣ ಕಟ್ಟುವ ಮುನ್ನ ‘ಶೇ 100 ಉದ್ಯೋಗ’ ಎಂಬ ಫಲಕವನ್ನು ದೋಷ ವರದಿಯಂತೆ ಓದಿ. ನೂರು ಎಂದರೆ ಯಾರ ಪೈಕಿ ನೂರು? ಕೋರ್ಸ್ ನಡುವೆ ಬಿಟ್ಟವರನ್ನು ಎಣಿಸಿದ್ದಾರೆಯೇ? ಉದ್ಯೋಗ ಎಂದರೆ ಟೆಸ್ಟಿಂಗೋ, ಕಾಲ್ ಸೆಂಟರೋ? ಕಳೆದ ತಂಡದ ಇಬ್ಬರ ಫೋನ್ ನಂಬರ್ ಕೇಳಿ, ನೀವೇ ಮಾತಾಡಿ. ಇಲ್ಲದ ಎರಡು ವರ್ಷದ ಅನುಭವವನ್ನು ಕಾಗದದ ಮೇಲೆ ಹುಟ್ಟಿಸಿಕೊಡುತ್ತೇವೆ ಎನ್ನುವವರಿಂದ ದೂರವಿರಿ. ಹಿನ್ನೆಲೆ ತಪಾಸಣೆಯಲ್ಲಿ ಸಿಕ್ಕಿಬಿದ್ದರೆ ಸೇರಿದ ಮೇಲೂ ಕೆಲಸ ಹೋಗುತ್ತದೆ. ಅದಕ್ಕಿಂತ ಹೆಚ್ಚಾಗಿ, ನಿಜ ಹೇಳುವುದಕ್ಕೇ ಸಂಬಳ ಪಡೆಯುವವರು ಸುಳ್ಳು ಕಾಗದ ಹಿಡಿದು ಒಳಗೆ ಹೋಗುವುದು ನನಗಂತೂ ಜೀರ್ಣವಾಗುವುದಿಲ್ಲ.

ಕೈಯಿಂದ ಮಾಡುವ ಟೆಸ್ಟಿಂಗ್ ಮುಗಿಯಿತು ಎಂದು ಹೆದರಿಸುವವರೂ ಇದ್ದಾರೆ. ಕೊಟ್ಟ ಹಾಳೆಯನ್ನು ಓಡಿಸಿ ಗುರುತು ಹಾಕುವ ಕೆಲಸ ಕುಗ್ಗುತ್ತಿದೆ, ನಿಜ. 2014ರಲ್ಲೇ ಮೈಕ್ರೋಸಾಫ್ಟ್ ತನ್ನ ಎಷ್ಟೋ ತಂಡಗಳಲ್ಲಿ ಟೆಸ್ಟರ್ ಮತ್ತು ಡೆವಲಪರ್ ಹುದ್ದೆಗಳನ್ನು ಒಂದು ಮಾಡಿತು. ಆದ್ದರಿಂದ ಕೋಡ್ ಓದಲು, ಡೇಟಾಬೇಸ್‌ನಿಂದ ಮಾಹಿತಿ ತೆಗೆಯಲು, ಎಪಿಐಗೆ (ಪ್ರೋಗ್ರಾಂಗಳು ಪರಸ್ಪರ ಮಾತಾಡುವ ಬಾಗಿಲಿಗೆ) ನೇರವಾಗಿ ಕೋರಿಕೆ ಕಳುಹಿಸಲು ಕಲಿಯುವುದನ್ನು ಮುಂದೂಡಬೇಡಿ. ಬ್ಯಾಂಕಿಂಗ್, ಆಸ್ಪತ್ರೆ, ಕೃಷಿ, ಯಾವುದಾದರೂ ಒಂದು ಕ್ಷೇತ್ರದ ಒಳಹೊರಗು ತಿಳಿದಿರಲಿ. ಕಬ್ಬಿನ ಬಿಲ್ಲಿನ ಏಳೂವರೆ ಮೆಟ್ಟಿಲು ಕಂಡದ್ದು ಉಪಕರಣದಿಂದಲ್ಲ.

ಸಂದರ್ಶನಕ್ಕೆ ಹೋಗುವಾಗ ನೋಟ್‌ಬುಕ್ ಜೊತೆಗಿರಲಿ. ‘ಈ ಪೆನ್ನನ್ನು ಹೇಗೆ ಟೆಸ್ಟ್ ಮಾಡುತ್ತೀರಿ?’ ಎಂಬ ಸವೆದ ಪ್ರಶ್ನೆ ಬಂದೇ ಬರುತ್ತದೆ. ಇಪ್ಪತ್ತು ಅಂಶಗಳ ಪಟ್ಟಿ ಒಪ್ಪಿಸಬೇಡಿ. ‘ಯಾರು ಬಳಸುತ್ತಾರೆ ಸರ್, ಯಾವುದಕ್ಕೆ? ಕೆಟ್ಟರೆ ಯಾರಿಗೆ ನಷ್ಟ?’ ಎಂದು ಮರಳಿ ಕೇಳಿ. ಎದುರಿನವರು ಕೆಲಸ ಬಲ್ಲವರಾದರೆ ಕುರ್ಚಿಯಲ್ಲಿ ಮುಂದೆ ಬಾಗುತ್ತಾರೆ. ನಿಮ್ಮ ಸರದಿ ಬಂದಾಗ ಮೂರು ಪ್ರಶ್ನೆ ಕೇಳಿ: ಟೆಸ್ಟರ್ ಅನ್ನು ಯೋಜನೆಯ ಯಾವ ಹಂತದಲ್ಲಿ ಕರೆಯುತ್ತೀರಿ? ಗೊತ್ತಿರುವ ದೋಷವಿದ್ದರೂ ಬಿಡುಗಡೆ ಮಾಡುವ ನಿರ್ಧಾರ ಯಾರದು? ಕಳೆದ ಸಲ ಗ್ರಾಹಕರೇ ಮೊದಲು ಕಂಡ ದೋಷ ಯಾವುದು, ಅದಾದ ಮೇಲೆ ಏನು ಬದಲಾಯಿಸಿದಿರಿ? ಮೂರನೆಯದಕ್ಕೆ ‘ನಮ್ಮಲ್ಲಿ ಹಾಗೆ ಆಗುವುದೇ ಇಲ್ಲ’ ಎಂದು ಉತ್ತರ ಬಂದರೆ, ಸಹಿ ಹಾಕುವ ಮುನ್ನ ಬಾಂಡ್ ಎಷ್ಟು ವರ್ಷದ್ದು, ನಡುವೆ ಬಿಟ್ಟರೆ ಎಷ್ಟು ಹಣ ಕಟ್ಟಬೇಕು ಎಂಬುದನ್ನು ಬರಹದಲ್ಲಿ ಕೇಳಿ ಪಡೆಯಿರಿ.